ಕೊನೆಯ ತಂಬಿಗೆ

ಪರಪ್ಪ ತುರ್ಕಸ್ತಾನದಿಂದ ತಿರುಗಿ ಬಂದ ದಿನ ಮುಂಬಯಿ ಮಾಟುಂಗದ ಅವನ ಚಾಳಿನ ಜನವೆಲ್ಲ ಗ್ಯಾಲರಿಗೆ ಬಂದು ನಿಂತಿತ್ತು. ಬಾಂದ್ರಾಕ್ಕೆ ಹೋಗಿ ಬಂದವನೂ ನಾಲ್ಕು ಖೋಲಿಗೆ ಕೇಳುವಂತೆ ಸುದ್ದಿ ಹೇಳುವ ಕಾಲ ಅದು. ಇನ್ನು ಹಡಗು ಹತ್ತಿ ಹಿಮ ಬೀಳುವ ದೇಶ ನೋಡಿ ಬಂದವನನ್ನು ಸುಮ್ಮನೆ ಬಿಡುವುದುಂಟೆ? ಟ್ರಂಕು ಕೆಳಗಿಡುವ ಮೊದಲೇ ಒಬ್ಬರು ಅಲ್ಲಿ ಅಕ್ಕಿ ಸಿಗುತ್ತದೆಯೇ ಎಂದರು, ಇನ್ನೊಬ್ಬರು ಚಳಿಗೆ ಕಿವಿ ಉದುರುತ್ತದಂತೆ ಹೌದೇ ಎಂದರು. ತಾಯಿ ದಾನವ್ವ ಮಾತ್ರ ಎಲ್ಲರೂ ಚದುರುವ ತನಕ ಒಳಗೆ ಒಲೆಯ ಹತ್ತಿರ ಕೂತೇ ಇದ್ದಳು.

ಜನ ಹೋದ ಮೇಲೆ ಮಗನನ್ನು ಕರೆದು ಎರಡೂ ಕೈಯಿಂದ ಅವನ ಮುಖ ಸವರಿದಳು. ಕಣ್ಣಿಗೆ ಪೊರೆ ಬಂದ ಮೇಲೆ ಅವಳು ಮನುಷ್ಯರನ್ನು ನೋಡುವುದು ಹಾಗೆಯೇ.

“ನಿಮ್ಮಪ್ಪನ ಸುದ್ದಿ ಏನರೆ ಸಿಕ್ತೇನೊ?”

“ಇಲ್ಲವ್ವಾ, ಸಿಗಲಿಲ್ಲ.”

“ಕಂಬಳಿ ಎಲ್ಲೈತಿ?”

“ಹಡಗಿನ್ಯಾಗ ಕಳೀತು. ಯಾವನೋ ಎತ್ಕೊಂಡು ಹ್ವಾದ.”

ಒಂದು ಸೌಟು ಕಾಣದಿದ್ದರೆ ಇಡೀ ಚಾಳನ್ನೇ ಜಾಲಾಡಿಸುವ ಹೆಂಗಸು, ಊರಿನಿಂದ ಹೇಳಿ ತರಿಸಿದ್ದ ಕರಿಕಂಬಳಿ ಕಳೆದಿದ್ದಕ್ಕೆ “ಹೋಗ್ಲಿ ಬಿಡು” ಎಂದಳು. ಹೊಟ್ಟೆ ತುಂಬ ಬೈದಿದ್ದರೆ ಪರಪ್ಪನಿಗೆ ಎಷ್ಟೋ ಹಗುರಾಗುತ್ತಿತ್ತು.

ಆ ಕಂಬಳಿ ಅವನಿಗೆಂದು ತರಿಸಿದ್ದಲ್ಲ, ಅವನ ಅಪ್ಪನಿಗೆಂದು ತರಿಸಿದ್ದು.

ಅಪ್ಪ ಸಂಗಪ್ಪ ನಿಪ್ಪಾಣಿಯವನು. ಬೆಳಗಾವಿಯ ಪಲ್ಟನ್ನಿನ ಹೇಸರಗತ್ತೆಗಳನ್ನು ನೋಡಿಕೊಳ್ಳುವ ಕೆಲಸ. ಮೊದಲನೆಯ ಮಹಾಯುದ್ಧದಲ್ಲಿ ಬಸರಾಕ್ಕೆ ಹೋದ, ಮುಂದೆ ತುರ್ಕರ ಕೈಗೆ ಸಿಕ್ಕ ಎಂದು ಒಂದು ಸುದ್ದಿ ಬಂತು, ಆಮೇಲೆ ಸುದ್ದಿಯೂ ನಿಂತಿತು. ಯುದ್ಧ ಮುಗಿದ ಮೇಲೆ ಪಲ್ಟನ್ನಿನವರು ಪಿಂಚಣಿ ಕೊಡಲು ಬಂದರು. ಆದರೆ ಅದಕ್ಕೆ ‘ಗಂಡ ಸತ್ತವಳು’ ಎಂದು ಬರೆದಲ್ಲಿ ಹೆಬ್ಬೆಟ್ಟು ಒತ್ತಬೇಕಿತ್ತು. ದಾನವ್ವ ಒತ್ತಲಿಲ್ಲ. ಆಗ ಅವಳಿಗೆ ಇಪ್ಪತ್ತೂ ತುಂಬಿರಲಿಲ್ಲ, ಬಗಲಲ್ಲಿ ಪರಪ್ಪ. ಉಡಿಕೆ ಮಾಡಿಕೊಂಡು ಮತ್ತೊಂದು ಮನೆ ಸೇರೆಂದು ತವರಿನವರು ಹೇಳಿ ಸಾಕಾದರು. ಅವಳು ಬೀಡಿ ಕಟ್ಟಿ ಮಗನನ್ನು ಬೆಳೆಸಿದಳು, ದಿನಾ ಬೆಳಿಗ್ಗೆ ಹಣೆಗೆ ಕುಂಕುಮ ಇಟ್ಟಳು, ಕೈತುಂಬ ಹಸಿರು ಬಳೆ ತೊಟ್ಟಳು.

ಗಂಡನ ಹೆಸರನ್ನೂ ಅವಳು ಬಾಯಿಬಿಟ್ಟು ಹೇಳಿದವಳಲ್ಲ. ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವರ ಕಡೆಯ ನಂಬಿಕೆ. ಮುಂಬಯಿಗೆ ಬಂದ ಹೊಸದರಲ್ಲಿ ರೇಷನ್ ಕಚೇರಿಯ ಗುಮಾಸ್ತ ಗಂಡನ ಹೆಸರೇನೆಂದು ಕೇಳಿದರೆ ಮುದುಕಿ ನೆಲ ನೋಡುತ್ತ ನಿಂತುಬಿಟ್ಟಳು. ಹಿಂದೆ ನಿಂತ ಜನ ಕೂಗಾಡಿತು. ಕೊನೆಗೆ ಪರಪ್ಪನೇ ಓಡಿ ಬಂದು ಹೇಳಬೇಕಾಯಿತು. ಮದುವೆ ಮುಂಜಿಗಳಲ್ಲಿ ಹೆಂಗಸರು ಬಿಡದೆ ಹಿಡಿದರೆ ಮಾತ್ರ ಒಡಪಿನೊಳಗೆ ಆ ಹೆಸರನ್ನು ಮುಚ್ಚಿಟ್ಟು ಹೇಳುತ್ತಿದ್ದಳು:

“ಹಂಡೇದಾಗಿನ ಬಿಸಿನೀರ, ಆರಬ್ಯಾಡ ಒಂದು ಚೂರ, ಸಂಗಪ್ಪನವರು ಬರಾಕ್ಹತ್ಯಾರ, ಉಳಿದಿಲ್ಲ ಭಾಳ ದೂರ.”

ಆ ಒಡಪು ಅವಳೇ ಕಟ್ಟಿದ್ದು. ಕೇಳಿದವರು ನಗುತ್ತಿದ್ದರು, ಕೆಲವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಪರಪ್ಪ ಮಸೀದಿ ಬಂದರಿನ ಒಂದು ತಂಬಾಕಿನ ಪೇಢಿಯಲ್ಲಿ ಎಲೆಯ ದರ್ಜೆ ನೋಡುವ ಕೆಲಸದಲ್ಲಿದ್ದ. ಐವತ್ತಮೂರರ ಕೊನೆಗೆ ಪೇಢಿಯ ಸೇಠ, ತುರ್ಕಿಯ ಸಣ್ಣ ಎಲೆಯ ಬೆಳೆ ನೋಡಿಕೊಂಡು ಬಾ ಎಂದು ಅವನನ್ನು ಕಳಿಸಿದಾಗ, ಚಾಳಿನಲ್ಲಿ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ದಾನವ್ವ. ನಲವತ್ತು ವರ್ಷದ ಹಿಂದೆ ಹೋದವನು ಅಲ್ಲಿ ಎಲ್ಲೋ ಕೂತು ದಾರಿ ಕಾಯುತ್ತಿದ್ದಾನೆ, ಮಗ ಹೋಗಿ ಕರೆದರೆ ಎದ್ದು ಬರುತ್ತಾನೆ ಎನ್ನುವ ಹಾಗೆ ಕಂಬಳಿ ಮಡಿಸಿ ಕೊಟ್ಟಳು. “ಅವರಿಗೆ ಮೊದಲಿಂದಾನೂ ಥಂಡಿ ತಡಿಯೂದಿಲ್ಲ. ಸಿಕ್ಕ ಕೂಡ್ಲೆ ಹೊಚ್ಚು” ಎಂದಳು. ಪ್ರತಿ ಚಳಿಗಾಲವೂ ಅವಳಿಗೆ ಇದೊಂದೇ ಚಿಂತೆ. ಮುಂಬಯಿಯಲ್ಲಿ ಚಳಿಯೆಂದರೆ ಮಿಲ್ಲಿನ ಹೊಗೆ ಸ್ವಲ್ಪ ಕೆಳಗೆ ಇಳಿಯುವುದು, ಅಷ್ಟೇ. ಆದರೂ ಜನವರಿಯ ಬೆಳಿಗ್ಗೆ ನಲ್ಲಿಯ ನೀರು ಮುಟ್ಟಿದೊಡನೆ, “ಅಲ್ಲಿ ಹ್ಯಾಂಗಿರತಾರೋ” ಎನ್ನುತ್ತಿದ್ದಳು.

ಈಗ ಮಗ ಬಂದಿದ್ದ. ಮೊಮ್ಮಗಳು ಮೋಹಿನಿಯ ಮದುವೆ ಬರುವ ತಿಂಗಳು ಗೊತ್ತಾಗಿತ್ತು. ಮದುಮಗಳಿಗೆ ಸುರಗಿಯ ನೀರು ಹಾಕುವುದು ತನ್ನ ಕೈಯಿಂದಲೇ ಎಂದು ದಾನವ್ವ ಆ ಹುಡುಗಿ ಹುಟ್ಟಿದ ದಿನದಿಂದ ಹೇಳುತ್ತ ಬಂದಿದ್ದಳು. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ದಾರ ಸುತ್ತಿ, ನಡುವೆ ಮದುಮಗಳನ್ನು ಕೂಡಿಸಿ ಮುತ್ತೈದೆಯರು ಎರೆಯುವ ನೀರು ಅದು. ಪರಪ್ಪನ ಮದುವೆಯಲ್ಲಿ ಇದಕ್ಕೇ ದೊಡ್ಡ ಜಗಳವಾಗಿತ್ತು. ಗಂಡ ಇದ್ದಾನೋ ಇಲ್ಲವೋ ಗೊತ್ತಿಲ್ಲದವಳು ಸುರಗಿಗೆ ಕೈ ಹಚ್ಚಬಹುದೇ ಎಂದು ಬೀಗರು ಎದ್ದು ನಿಂತರು. ಊರ ಹಿರಿಯ ಚನ್ನಬಸಯ್ಯನವರು, ಸತ್ತ ಸುದ್ದಿ ಬರುವ ತನಕ ಆಕೆ ಮುತ್ತೈದೆಯೇ ಎಂದು ತೀರ್ಪು ಕೊಟ್ಟ ಮೇಲೆ ಎಲ್ಲರ ಬಾಯಿ ಬಂದಾಯಿತು.

ಸತ್ತ ಸುದ್ದಿ ಬರುವ ತನಕ. ಆ ಸುದ್ದಿ ಈಗ ಪರಪ್ಪನ ಹೊಟ್ಟೆಯಲ್ಲಿತ್ತು. ಅದನ್ನು ಮದುವೆ ಮುಗಿಯುವ ತನಕ, ಸಾಧ್ಯವಾದರೆ ಅವ್ವನ ಕಣ್ಣು ಮುಚ್ಚುವ ತನಕ, ಅಲ್ಲೇ ಇಟ್ಟುಕೊಳ್ಳಬೇಕೆಂದು ಹಡಗಿನಲ್ಲೇ ನಿಶ್ಚಯ ಮಾಡಿದ್ದ. ಹೆಂಡತಿ ಚನ್ನವ್ವನಿಗೂ ಹೇಳಿರಲಿಲ್ಲ.

ರವಿವಾರ ಮಧ್ಯಾಹ್ನ ಚಾಳಿನವರು ಅವನನ್ನು ಬಿಡಲಿಲ್ಲ. ಪಕ್ಕದ ಖೋಲಿಯ ಸದಾನಂದ, ಸ್ಟೇಷನ್ನಿನ ಹತ್ತಿರ ಹೋಟೆಲು ಇಟ್ಟಿರುವ ಉಡುಪಿ ಕಡೆಯವನು, ದೊಡ್ಡ ಕೆಟಲಿನಲ್ಲಿ ಕಾಫಿ ಹೊರಿಸಿಕೊಂಡು ಬಂದು ಗ್ಯಾಲರಿಯಲ್ಲೇ ಕೂತ. ಎದುರು ಖೋಲಿಯ ನಾಗವ್ವ ಮಣೆ ತಂದು ಹಾಕಿಕೊಂಡಳು. ದಾನವ್ವ ಹೊಸ್ತಿಲ ಒಳಗೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಪೊರೆ ಬಂದ ಕಣ್ಣಿಗೆ ಹರಳು ಕಾಣುವುದಿಲ್ಲ, ಬೆರಳೇ ಹುಡುಕಬೇಕು.

“ಹೇಳಿ ಮಾರಾಯ್ರೆ, ಇಸ್ತಾಂಬುಲ್ ಅಂದ್ರೆ ಎಂತದು? ನಮ್ಮ ಬೊಂಬಾಯಿ ಹಾಗೆಯಾ?” ಎಂದ ಸದಾನಂದ.

ಪರಪ್ಪನಿಗೆ ಒಂದು ದೌರ್ಬಲ್ಯವಿತ್ತು. ನಾಲ್ಕು ಜನ ಕೂತು ಕೇಳಿದರೆ ಅವನ ಬಾಯಿ ಅವನ ಮಾತು ಕೇಳುತ್ತಿರಲಿಲ್ಲ. ಶುರು ಮಾಡಿದ. ಬಗದಾದಿನಿಂದ ರೈಲು, ಬೆಟ್ಟಗಳು ಬಂದ ಮೇಲೆ ಸುರಂಗದ ಮೇಲೆ ಸುರಂಗ, ಡಬ್ಬಿಯೊಳಗೆ ಹೊಗೆ. ಅವನ್ನು ಯುದ್ಧದ ಕೈದಿಗಳಿಂದ ಕೊರೆಸಿದ್ದು ಎಂದು ಯಾರೋ ಹೇಳಿದ್ದರು. ಅಷ್ಟು ಹೊತ್ತೂ ಪರಪ್ಪ ಕಿಟಕಿಯ ಗಾಜಿಗೆ ಹಣೆ ಹಚ್ಚಿ ಕಲ್ಲನ್ನೇ ನೋಡುತ್ತ ಕೂತಿದ್ದ. ಇದನ್ನು ಚಾಳಿನವರಿಗೆ ಹೇಳಲಿಲ್ಲ. ಇಸ್ತಾಂಬುಲದ ಮಾತಿಗೆ ಹಾರಿದ. ಅಲ್ಲಿ ಸಮುದ್ರವೂ ಬೂದಿ ಬಣ್ಣ, ಆಕಾಶವೂ ಬೂದಿ ಬಣ್ಣ. ಸೇತುವೆಯ ಮೇಲೆ ಜನ ಕೋಟಿನ ಕಾಲರಿನಲ್ಲಿ ಮುಖ ಹುಗಿದುಕೊಂಡು ಒಬ್ಬರನ್ನೊಬ್ಬರು ನೋಡದೆ ನಡೆಯುತ್ತಾರೆ. ಗುಮ್ಮಟಗಳ ಮೇಲೆ ಹಿಮ ಕೂತು ಹೊಗೆಗೆ ಕಪ್ಪಾಗುತ್ತದೆ. ಎದಿರ್ನೆ ಎನ್ನುವ ಊರಿನಲ್ಲಿ ಒಂದು ಭಾರಿ ಮಸೀದಿ. ಅವನು ಹೋದ ದಿನ ಅದರ ಮಿನಾರುಗಳು ಮಂಜಿನೊಳಗೆ ಅರ್ಧಕ್ಕೇ ನಿಂತುಹೋಗಿದ್ದವು. ಸಂಜೆ ನಾಲ್ಕಕ್ಕೇ ಕತ್ತಲು. ಅಂಗಡಿಯವರು ಇದ್ದಿಲ ಬೆಂಕಿಯ ಸುತ್ತ ಕೂತು, ಗಿರಾಕಿ ಬಂದರೂ ಏಳಲು ಬೇಸರಪಡುತ್ತಾರೆ.

“ಏನ್ ಊರು ಬಿಡ್ರಿ ಅದು, ಸೂತಕದ ಮನಿ ಇದ್ದಂಗ” ಎಂದಳು ನಾಗವ್ವ.

“ಹಾಗಾದ್ರೆ ಅಲ್ಲಿನ ಜನ ಸ್ನಾನ ಮಾಡ್ತಾರಾ ಇಲ್ವಾ?” ಎಂದ ಸದಾನಂದ. ಹೋಟೆಲಿನವನಿಗೆ ನೀರಿನ ಚಿಂತೆಯೇ ದೊಡ್ಡದು.

“ಸ್ನಾನಕ್ಕಂತನ ಅರಮನಿ ಕಟ್ಯಾರ ಮಾರಾಯಾ,” ಎಂದ ಪರಪ್ಪ. ಬುರ್ಸಾ ಎನ್ನುವ ಊರು ನೆನಪಾಗಿ ದನಿ ಸ್ವಲ್ಪ ಕೆಳಗಿಳಿಯಿತು. ಬೆಟ್ಟದ ತುಂಬ ಹಿಮ, ಆದರೆ ಅದೇ ಬೆಟ್ಟದ ಬುಡದಲ್ಲಿ ನೆಲದಿಂದ ಬಿಸಿನೀರು ತಾನಾಗಿ ಉಕ್ಕುತ್ತದೆ, ಕಟ್ಟಿಗೆ ಬೇಡ, ಒಲೆ ಬೇಡ. ಅದರ ಮೇಲೆ ಬಾದಶಹರ ಕಾಲದ ಗುಮ್ಮಟ, ಗುಮ್ಮಟದಲ್ಲಿ ಗಾಜು ಕೂಡಿಸಿದ ಸಣ್ಣ ಸಣ್ಣ ತೂತು, ಅದರಿಂದ ಹಬೆಯೊಳಗೆ ಇಳಿಯುವ ಮಬ್ಬು ಬೆಳಕು. ಟವೆಲು ಸುತ್ತಿಕೊಂಡು ಬಿಸಿ ಕಲ್ಲಿನ ಮೇಲೆ ಮಲಗಿದರೆ ಎರೆಯುವವನು ಬಂದು ಕೈಗೆ ಒರಟು ಬಟ್ಟೆಯ ಚೀಲ ತೊಟ್ಟು ಮೈ ತಿಕ್ಕುತ್ತಾನೆ, ಒಂದು ತಿಂಗಳ ಪ್ರವಾಸದ ಕೊಳೆಯೆಲ್ಲ ಎದ್ದು ಬರುತ್ತದೆ.

“ಕಡೆಗೆ ಎಂತ ಮಾಡ್ತಾನೆ?”

“ಕಡೀಕ?” ಪರಪ್ಪನ ಕೈ ಪಕ್ಕದಲ್ಲಿದ್ದ ತಾಮ್ರದ ತಂಬಿಗೆಗೆ ಹೋಗಿಯೇ ಬಿಟ್ಟಿತು. ಎಡಗೈಯಿಂದ ಅದನ್ನೆತ್ತಿ ದೃಷ್ಟಿ ತೆಗೆಯುವಂತೆ ಸದಾನಂದನ ತಲೆಯ ಸುತ್ತ ಇಳಿ ತೆಗೆದ, ನೀರನ್ನು ಗ್ಯಾಲರಿಯ ಕಟಾಂಜನದ ಆಚೆ ಚೆಲ್ಲಿದ, ತಂಬಿಗೆ ಬೋರಲು ಮಾಡಿ ನೆಲದ ಕಲ್ಲಿಗೆ ಬಡಿದ: ಟಣ್, ಟಣ್.

ಕೆಳಗೆ ಯಾರ ತಲೆಯ ಮೇಲೋ ನೀರು ಬಿದ್ದು ಮರಾಠಿಯಲ್ಲಿ ಬೈಗುಳ ಶುರುವಾಯಿತು. ಗ್ಯಾಲರಿಯೆಲ್ಲ ನಕ್ಕಿತು. ಪರಪ್ಪ ಮಾತ್ರ ತಂಬಿಗೆ ಹಿಡಿದುಕೊಂಡು ಕಲ್ಲಾಗಿ ಕೂತ. ಒಳಗೆ ಮೊರದ ಸಪ್ಪಳ ನಿಂತಿತ್ತು.

ಅವನಿಗೆ ತನ್ನ ಕೈಯನ್ನೇ ಕಡಿದು ಹಾಕಬೇಕೆನ್ನಿಸಿತು. ಯಾಕೆಂದರೆ ಅದು ಯಾವ ತುರ್ಕನ ಪದ್ಧತಿಯೂ ಅಲ್ಲ. ಅಪ್ಪ ಸಂಗಪ್ಪ ಎಡಚ. ಹೇಸರಗತ್ತೆಗಳನ್ನು ತೊಳೆದು ಮುಗಿಸಿದ ಮೇಲೆ, ಇನ್ನು ಏಳು ನಡೆ ಎನ್ನುವ ಗುರುತಿಗೆ ಬಕೆಟ್ಟನ್ನು ಕಲ್ಲಿಗೆ ಎರಡು ಸಲ ಬಡಿಯುತ್ತಿದ್ದ. ಮಗ ಹುಟ್ಟಿದಾಗ ಹಸುಗೂಸಿಗೆ ಎರೆಯಲು ಹೆದರುತ್ತಿದ್ದ ಹೆಂಡತಿಯನ್ನು ಪಕ್ಕಕ್ಕೆ ಸರಿಸಿ, ತಾನೇ ಕಾಲ ಮೇಲೆ ಹಾಕಿಕೊಂಡು ಎರೆದ. ಕೊನೆಯ ತಂಬಿಗೆಯಿಂದ ದೃಷ್ಟಿ ತೆಗೆದು, ರೂಢಿಯಂತೆ ಕಲ್ಲಿಗೆ ಬಡಿದ. ಟಣ್, ಟಣ್. ಕೂಸು ನಗುತ್ತಿತ್ತಂತೆ. ಇದನ್ನು ದಾನವ್ವ ಮಗನಿಗೆ ಎಷ್ಟು ಸಲ ಹೇಳಿದ್ದಳೋ! ತಾನು ಮಾತ್ರ ಎಂದೂ ಹಾಗೆ ಮಾಡಲಿಲ್ಲ. “ಅದು ಅವರ ಕೈಯಾಗಿಂದು. ಬಂದಮ್ಯಾಲೆ ಅವರೇ ಬಡೀಲಿ” ಎನ್ನುತ್ತಿದ್ದಳು.

ಬುರ್ಸಾದ ಆ ಸ್ನಾನದ ಮನೆಯಲ್ಲಿ ಒಬ್ಬ ಮುದುಕ ಪರಪ್ಪನಿಗೆ ಎರೆದ. ಕೊನೆಗೆ ಎಡಗೈಯಿಂದ ಬೋಗುಣಿ ಎತ್ತಿ ತಲೆಯ ಸುತ್ತ ಇಳಿ ತೆಗೆದು, ಬೋರಲು ಮಾಡಿ ಅಮೃತಶಿಲೆಗೆ ಎರಡು ಸಲ ಬಡಿದ. ಗುಮ್ಮಟದೊಳಗೆ ಆ ಸದ್ದು ಸುತ್ತಿ ಸುತ್ತಿ ಇಳಿಯಿತು. ಪರಪ್ಪ ಥಟ್ಟನೆ ಎದ್ದು ಕೂತ. ಹೊರಗೆ ಕಾಯುತ್ತಿದ್ದ ತಂಬಾಕಿನ ಏಜೆಂಟನ ಗುಮಾಸ್ತನನ್ನು ಒಳಗೆ ಕರೆಸಿ, ತನ್ನ ಮುರುಕು ಇಂಗ್ಲಿಷಿನಲ್ಲಿ ಕೇಳಿಸಿದ: ಇದನ್ನು ಯಾರು ಕಲಿಸಿದರು?

ಹಿಂದೂಸ್ತಾನದವನು, ಎಂದ ಮುದುಕ. ಯುದ್ಧದ ಕೈದಿಯಾಗಿ ಬಂದವನು, ರೈಲಿನ ಸುರಂಗದ ಕೆಲಸದಲ್ಲಿ ಕಾಲಬೆರಳು ಹಿಮಕ್ಕೆ ಹೋಗಿತ್ತು, ಬೆಚ್ಚಗಿರಲಿ ಎಂದು ಇಲ್ಲಿಗೆ ಸೇರಿದ. ಎರೆಯುವ ಕೆಲಸದಲ್ಲಿ ಅವನ ಕೈ ಯಾರಿಗೂ ಬರುವುದಿಲ್ಲ, ನಾವೆಲ್ಲ ಅವನಿಂದಲೇ ಕಲಿತದ್ದು. ಊರಿಗೆ ಯಾಕೆ ಹೋಗುವುದಿಲ್ಲ ಎಂದರೆ, ಸರಕಾರ ನನ್ನನ್ನು ಸತ್ತವನೆಂದು ಬರೆದಿರುತ್ತದೆ, ಹೆಂಡತಿ ಚಿಕ್ಕವಳು, ಉಡಿಕೆಯಾಗಿ ಸುಖವಾಗಿರುತ್ತಾಳೆ, ಹೋಗಿ ಅವಳ ಸಂಸಾರ ಯಾಕೆ ಕೆಡಿಸಲಿ ಎನ್ನುತ್ತಿದ್ದ. ಇಲ್ಲೇ ಒಬ್ಬಳನ್ನು ಕಟ್ಟಿಕೊಂಡ. ಅವಳು ತೀರಿಕೊಂಡಳು. ಅವನು ಹೋಗಿ ಇದು ಎರಡನೆಯ ಚಳಿಗಾಲ. ಮಗಳೊಬ್ಬಳಿದ್ದಾಳೆ, ಬಾ ತೋರಿಸುತ್ತೇನೆ.

ಪರಪ್ಪ ಅವನ ಹಿಂದೆ ಹಿಮ ತುಳಿಯುತ್ತ ಒಂದು ಏರು ಓಣಿಯ ತನಕ ಹೋದ. ಅಲ್ಲಿಂದ ಮುಂದೆ ಕಾಲು ಏಳಲಿಲ್ಲ. ಏನೆಂದು ಹೇಳಿ ಆ ಬಾಗಿಲಲ್ಲಿ ನಿಲ್ಲುವುದು? ಹೆಗಲ ಮೇಲಿದ್ದ ಕಂಬಳಿಯನ್ನು ಮುದುಕನ ಕೈಗೆ ಕೊಟ್ಟು, ಮೂಲೆಯಲ್ಲಿ ನಿಂತು ನೋಡಿದ. ಮೂವತ್ತರ ಹತ್ತಿರದ ಹೆಣ್ಣುಮಗಳೊಬ್ಬಳು ಹೊರಗೆ ಬಂದಳು. ಹಣೆ, ಹುಬ್ಬು ಎಲ್ಲ ಪರಪ್ಪ ಕನ್ನಡಿಯಲ್ಲಿ ದಿನಾ ನೋಡುವಂಥವೇ. ಕಂಬಳಿಯನ್ನು ಮೂಸಿ ನೋಡಿ, ಹೆಗಲಿಗೆ ಸುತ್ತಿಕೊಂಡು, ಓಣಿಯ ಈ ತುದಿಯಿಂದ ಆ ತುದಿಯ ತನಕ ಯಾರನ್ನೋ ಹುಡುಕಿದಳು. ಪರಪ್ಪ ಗೋಡೆಯ ಮರೆಗೆ ಸರಿದ. ಅಪ್ಪನ ಮೇಲೆ ಸಿಟ್ಟು ಬಂತು, ಅಳುವೂ ಬಂತು. ಯಾವುದು ಮೊದಲು ಬಂತೋ ಅವನಿಗೇ ತಿಳಿಯಲಿಲ್ಲ.

ಇಷ್ಟನ್ನೂ ನುಂಗಿಕೊಂಡು ಬಂದವನು ಒಂದು ತಂಬಿಗೆ ನೀರಿನಲ್ಲಿ ಎಲ್ಲವನ್ನೂ ಚೆಲ್ಲಿಬಿಟ್ಟಿದ್ದ.

ಆದರೆ ಚೆಲ್ಲಿತೋ ಇಲ್ಲವೋ ಎನ್ನುವುದೂ ತಿಳಿಯದಾಯಿತು. ಸ್ವಲ್ಪ ಹೊತ್ತಿಗೆ ಮೊರದ ಸಪ್ಪಳ ಮತ್ತೆ ಕೇಳಿಸಿತು. ದಾನವ್ವ ಏನೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಕುಂಕುಮ ಅದೇ ಜಾಗದಲ್ಲಿತ್ತು. ಕಣ್ಣು ಕಾಣುವುದಿಲ್ಲ, ಗದ್ದಲದಲ್ಲಿ ಸದ್ದೂ ಕೇಳಿಸಿರಲಿಕ್ಕಿಲ್ಲ ಎಂದು ಪರಪ್ಪ ಸಮಾಧಾನ ಮಾಡಿಕೊಂಡ. ಒಳ್ಳೆಯದಾಗಲಿ ಎಂದು ಸುಳ್ಳು ಹೇಳುವವರು ತಮ್ಮ ಸಮಾಧಾನವನ್ನು ಬೇಗ ಹುಡುಕಿಕೊಳ್ಳುತ್ತಾರೆ. ಮುದುಕಿ ಊಟ ಕಡಿಮೆ ಮಾಡಿದ್ದನ್ನು ಚನ್ನವ್ವ ಕಂಡು ಹೇಳಿದರೆ, ಮದುವೆಯ ಗಡಿಬಿಡಿ ಎಂದ.

ಸುರಗಿಯ ದಿನ ನಲ್ಲಿಯಲ್ಲಿ ನೀರು ಬರುವ ಮೊದಲೇ ಚಾಳಿನ ಅಂಗಳದಲ್ಲಿ ಹೆಂಗಸರು ನೆರೆದಿದ್ದರು. ಸದಾನಂದ ಹೋಟೆಲಿನ ದೊಡ್ಡ ಹಂಡೆ ಕಳಿಸಿದ್ದ. ನಾಲ್ಕು ಮೂಲೆಗೆ ತಂಬಿಗೆ ಇಟ್ಟು ದಾರ ಸುತ್ತಿದರು. ಮೋಹಿನಿ ಅರಿಸಿನ ಹಚ್ಚಿಕೊಂಡು ನಡುವೆ ಕೂತು, “ಮಮ್ಮಿ, ಥಂಡಿ ಲಾಗ್ತಾ ಹೈ, ಲವ್ಕರ್ ಮಾಡ್ರಿ ನಾ” ಎಂದು ಅವಸರಪಡಿಸುತ್ತ ಗೊಣಗುತ್ತಿದ್ದಳು.

“ಮೊದಲು ಅಜ್ಜಿ ಹಾಕಲಿ,” ಎಂದಳು ಚನ್ನವ್ವ. ದಾನವ್ವ ಇಳಕಲ್ ಸೀರೆಯುಟ್ಟು ಗೋಡೆ ಹಿಡಿದು ಮೆಟ್ಟಿಲಿಳಿದು ಬಂದಳು. ನಾಗವ್ವ ಅವಳ ಕೈಗೆ ತುಂಬಿದ ತಂಬಿಗೆ ಕೊಟ್ಟಳು.

“ಹಂಗ ಹಾಕಬ್ಯಾಡ ಯಕ್ಕಾ! ಒಡಪು ಹೇಳು, ಆಮ್ಯಾಲೆ ಹಾಕು.”

ಹೆಂಗಸರೆಲ್ಲ ಹೌದು ಹೌದೆಂದರು. ಹಂಡೆಯ ಬಿಸಿನೀರಿನ ಒಡಪು ಎಲ್ಲರಿಗೂ ಗೊತ್ತು; ಒಬ್ಬಿಬ್ಬರು ಮೊದಲ ಸಾಲು ಶುರುವೂ ಮಾಡಿದರು. ಪರಪ್ಪ ಗಂಡಸರ ಸಾಲಿನಲ್ಲಿ ನಿಂತಿದ್ದ. ಹೇಳಲಿ, ಹಾಕಿಬಿಡಲಿ, ಇದೊಂದು ದಾಟಿಹೋಗಲಿ ಎಂದು ಕಂಡ ದೇವರಿಗೆಲ್ಲ ಬೇಡಿಕೊಂಡ.

ದಾನವ್ವ ಎರಡೂ ಕೈಯಿಂದ ತಂಬಿಗೆ ಹಿಡಿದು ತಡೆದು ನಿಂತಳು. ನೀರು ತುಳುಕಿತು. ಹಾಕಿಬಿಡಬೇಕೆನ್ನುವ ಆಸೆ ಅವಳ ಮುಖದ ಮೇಲೆ ಎದ್ದು ಕಾಣುತ್ತಿತ್ತು. ಆಮೇಲೆ ತಂಬಿಗೆಯನ್ನು ನಾಗವ್ವನ ಕೈಗೆ ತಿರುಗಿ ಕೊಟ್ಟಳು.

“ಅವರ ಹೆಸರು ಸಂಗಪ್ಪ,” ಎಂದಳು. ಒಡಪಿಲ್ಲ, ಗೌರವದ ಬಾಲವಿಲ್ಲ, ಸೆರಗಿನ ಮರೆಯಿಲ್ಲ. “ಸಂಗಪ್ಪ.”

ನಲ್ಲಿಯ ನೀರು ಬಕೆಟ್ಟು ತುಂಬಿ ಹೊರಗೆ ಹರಿಯುತ್ತಿತ್ತು. ಅರ್ಥವಾದ ಹೆಂಗಸರು ಬಾಯಿಗೆ ಸೆರಗು ಹಚ್ಚಿದರು. ಚನ್ನವ್ವ ಗಂಡನ ಮುಖ ನೋಡಿದಳು, ಅವನು ತಲೆ ತಗ್ಗಿಸಿದ.

“ಕೂಸಿಗೆ ಥಂಡಿ ಆಗಾಕ್ಹತ್ತೈತಿ. ನೀವು ಹಾಕ್ರವಾ,” ಎಂದು ಹೇಳಿ ದಾನವ್ವ ಬಂದ ಹಾಗೆಯೇ ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು.

ಮದುವೆ ನಡೆಯಿತು. ಹತ್ತಿರದ ಸಂಘದ ಸಭಾಂಗಣದಲ್ಲಿ ಅಕ್ಕಿಕಾಳು ಬಿತ್ತು, ಸದಾನಂದನ ಹೋಟೆಲಿನವರು ಬಡಿಸಿದರು, ಮೋಹಿನಿ ಅಂಧೇರಿಯ ಗಂಡನ ಮನೆಗೆ ಹೋದಳು. ದಾನವ್ವ ಖೋಲಿ ಬಿಟ್ಟು ಹೊರಗೆ ಬರಲಿಲ್ಲ. ಸಂಜೆ ಪರಪ್ಪ ಒಳಗೆ ಹೋದಾಗ ಹಣೆ ಬರಿದಾಗಿತ್ತು, ವಿಭೂತಿ ಮಾತ್ರ ಉಳಿದಿತ್ತು. ಹಸಿರು ಬಳೆಗಳನ್ನು ಒಡೆದಿರಲಿಲ್ಲ. ಒಂದೊಂದಾಗಿ ತೆಗೆದು ಮೊರದಲ್ಲಿ ಇಟ್ಟಿದ್ದಳು.

ಅವನು ಅವಳ ಕಾಲ ಹತ್ತಿರ ಕುಸಿದು ಕೂತ.

“ನೀ ತಂಬಿಗಿ ಬಡದದ್ದು ಕೇಳಿಸ್ತು, ಅವರು ಇದ್ದಿದ್ರ ನೀ ಮುಚ್ಚಿಡತಿದ್ದಿಲ್ಲ. ಆ ಕಂಬಳಿ ಯಾರಿಗೆ ಕೊಟ್ಟಿ?” ಎಂದಳು ದಾನವ್ವ.

“ಒಬ್ಬಾಕಿ ಹೆಣ್ಣಮಗಳಿಗೆ.”

“ನಿನಗಿಂತ ಸಣ್ಣಾಕಿ?”

“ಹೂಂ.”

ಕೆಳಗೆ ಅಂಗಳದಲ್ಲಿ ಹೋಟೆಲಿನ ಕೂಲಿಗಳು ಹಂಡೆ ಎತ್ತುತ್ತಿದ್ದರು, ಉಳಿದ ನೀರನ್ನು ಚೆಲ್ಲುವುದು ಕೇಳಿಸಿತು. ಅವಳ ಕೈ ಮಗನ ತಲೆಯನ್ನು ಹುಡುಕಿ ಅಲ್ಲೇ ನಿಂತಿತು.

“ಅಲ್ಲಿ ನೀರು ಯಾವಾಗ್ಲೂ ಬಿಸೀನ ಇರತಾವಂದ್ಯಲ್ಲ?”

“ಹೌದವ್ವಾ. ಚಳಿಗಾಲದಾಗೂ ಆರೂದಿಲ್ಲ.”

“ಹಂಗಾದ್ರ ಅವರಿಗೆ ಥಂಡಿ ಆಗಿಲ್ಲ,” ಎಂದಳು ದಾನವ್ವ. “ನಾನ ಸುಮ್ಮನ ಇಷ್ಟು ವರ್ಷ ಕಾಳಜಿ ಮಾಡಿದೆ.”